ಮುನಿರಾಜು ಬಂದಿದ್ದ

ಮುನಿರಾಜು ಕದಿಯಲಿಲ್ಲ. ಆ ವಿಡಿಯೊ ಗೇಮನ್ನು ನಮ್ಮ ಮನೆಯಿಂದ ಹೊತ್ತುಕೊಂಡು ಹೋದವಳು ನಾನು — ನನ್ನ ಸ್ವಂತ ಮಗನದನ್ನು, ನನ್ನದೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು. ಆಮೇಲೆ ಮುನಿರಾಜುವಿನ ತಾಯಿ ನಮ್ಮ ಬಾಗಿಲಿಗೆ ಬಂದು ಕೈಮುಗಿದು ನಿಂತಾಗ “ಹೋಗ್ಲಿ ಬಿಡಮ್ಮ, ಕ್ಷಮಿಸಿದ್ದೀನಿ” ಎಂದವಳೂ ನಾನೇ. ಕದ್ದದ್ದನ್ನು ತಪ್ಪು ಎನ್ನಬಹುದು. ಆ ಕ್ಷಮೆಯನ್ನು ಏನೆನ್ನಬೇಕೋ — ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಕನ್ನಡ ಕಲಿಸಿದವಳು, ನನಗೇ ಅದಕ್ಕೊಂದು ಪದ ಸಿಗುತ್ತಿಲ್ಲ.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಬರೆಯುವುದಕ್ಕೆ ಕಾರಣ ನನ್ನ ಮಗ ಸುಧಿ. ಅವನ ಮೇಲೆ ನನಗೆ ರೇಗುತ್ತದೆ, ಮುಚ್ಚಿಡುವುದೇಕೆ. ನಲವತ್ತು ದಾಟಿದ ಗಂಡಸು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಜವಾಬ್ದಾರಿಯ ಕೆಲಸ. ಭಾನುವಾರ ಬೆಳಗಾದರೆ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಹಾಲಿನಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾನು ಹುಡುಗನಾಗಿದ್ದಾಗ ಆಡುತ್ತಿದ್ದಂಥ ಹಳೇ ವಿಡಿಯೊ ಗೇಮ್ ಆಡುತ್ತಾನೆ. ಒಂದಲ್ಲ, ಅಂಥ ಮೂರು ಪೆಟ್ಟಿಗೆ ಕೊಂಡು ತಂದಿದ್ದಾನೆ. ಗೋಡೆಯ ಮೇಲೆ ತೆಳ್ಳನೆಯ ಟಿವಿ ಇದೆ; ಅದರಲ್ಲಿ ಆ ಆಟ ‘ಸರಿಯಾಗಿ ಕಾಣೋದಿಲ್ಲ’ವಂತೆ. ಅದಕ್ಕೆ ಇಲ್ಲೇ ಪಕ್ಕದ ಕೋರಮಂಡಲ್‌ನಲ್ಲಿ ಯಾರ ಮನೆಯಲ್ಲೋ ಮೂಲೆಗೆ ಬಿದ್ದಿದ್ದ ಡಬ್ಬಾ ಟಿವಿಯನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದ. ಅದಕ್ಕೆ ಜಾಗ ಮಾಡಲು ನನ್ನ ಹೊಲಿಗೆ ಯಂತ್ರ ಹಿಂದಿನ ವರಾಂಡಕ್ಕೆ ಹೋಯಿತು. ಹಾಲಿನ ತುಂಬ ತಂತಿ. ನಾನು ಸೀರೆ ಎತ್ತಿ ಹಿಡಿದು ದಾಟಬೇಕು.

ಆಟದ ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕುವ ಮೊದಲು ಅದರ ಬಾಯಿಗೆ ಉಫ್ ಎಂದು ಊದುತ್ತಾನೆ. ಹಾಕುತ್ತಾನೆ, ತೆಗೆಯುತ್ತಾನೆ, ಮತ್ತೆ ಊದುತ್ತಾನೆ. “ಆ ಮ್ಯೂಸಿಕ್ ಕೇಳಮ್ಮ, ಮೈ ಜುಮ್ಮನ್ನುತ್ತೆ” ಅನ್ನುತ್ತಾನೆ. ಕೇಳುತ್ತಿದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗಲೂ ಕೇಳುತ್ತದೆ. ನಾನು ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತೇನೆ.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಯಾರೇ ಮನೆಗೆ ಬರಲಿ — ನೆಂಟರು, ಕಾರ್ಖಾನೆಯ ಜೊತೆಯವರು, ಗ್ಯಾಸ್ ಒಲೆ ರಿಪೇರಿಯವನು — ಅವರಿಗೆ ಕಥೆ ಹೇಳಬೇಕು. “ನಮ್ಮದೊಂದಿತ್ತು. ಅಪ್ಪ ಮದ್ರಾಸಿಂದ ತಂದುಕೊಟ್ಟಿದ್ದು. ಎಸೆಸ್ಸೆಲ್ಸಿ ವರ್ಷ ಮುನಿರಾಜು ಅಂತ ನನ್ನ ಫ್ರೆಂಡೇ ಎತ್ಕೊಂಡ್ ಹೋಗ್ಬಿಟ್ಟ.” ಎಂದು ನಗುತ್ತಾನೆ. ನಗುವವನಿಗೆ ದ್ವೇಷವಿಲ್ಲ, ಗೊತ್ತು. ಒಂದು ದಿನ ಮೊಮ್ಮಗಳು ಅಡುಗೆಮನೆಗೆ ಬಂದು, “ಅಜ್ಜಿ, ಆ ಕಳ್ಳ ಮುನಿರಾಜು ಈಗ ಎಲ್ಲಿದಾನೆ?” ಎಂದು ಕೇಳಿದಳು. ಅವಳಿಗೆ ಒಂಬತ್ತು ವರ್ಷ. ನಾನು, “ಕೈ ತೊಳ್ಕೊ, ಊಟಕ್ಕಾಯ್ತು” ಎಂದೆ.

ಹಾಗೆಂದೆ. ಮತ್ತೊಮ್ಮೆ ನಿಜ ನುಂಗಿಕೊಂಡೆ.

ಮುನಿರಾಜು ಯಾರೆಂದು ಹೇಳುತ್ತೇನೆ. ನನ್ನ ಯಜಮಾನರು ಕಾರ್ಖಾನೆ ಕೆಲಸಕ್ಕೆಂದು ಈ ಊರಿಗೆ ಬಂದವರು, ನಾನು ಮಿಡ್ಲ್ ಸ್ಕೂಲಿನಲ್ಲಿ ಟೀಚರ್. ಆಗ ಕ್ವಾರ್ಟರ್ಸಿನಲ್ಲಿ ಮನೆ. ಮುನಿರಾಜುವಿನ ಅಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವನು. ಕೂಲಿ ಸಿಕ್ಕಿದಲ್ಲಿ ದುಡಿಯುತ್ತ ಆಂಡರ್ಸನ್‌ಪೇಟೆಯ ತುದಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದ. ತಾಯಿ ಯಲ್ಲಮ್ಮನೂ ಕೂಲಿಗೆ ಹೋಗುತ್ತಿದ್ದಳು. ಏಳನೇ ತರಗತಿಯವರೆಗೆ ಮುನಿರಾಜು, ಸುಧಿ ಇಬ್ಬರೂ ನನ್ನ ಕೈಕೆಳಗೇ ಓದಿದವರು. ಹೈಸ್ಕೂಲಿಗೆ ಹೋದ ಮೇಲೂ ಸಂಜೆ ಅವನು ನಮ್ಮ ಮನೆಗೆ ಬರುತ್ತಿದ್ದ. ಅವರ ಮನೆಯಲ್ಲಿ ಓದಲು ಬೆಳಕಿರಲಿಲ್ಲ. ಒಂದು ಗಂಟೆ ಓದು, ಆಮೇಲೆ ಅರ್ಧ ಗಂಟೆ ಟಿವಿ ಗೇಮ್ — ಅದು ನಾನೇ ಹಾಕಿಕೊಟ್ಟ ಕಟ್ಟಳೆ.

ಇಬ್ಬರೂ ಸೇರಿ ಆಡುವ ಟ್ಯಾಂಕಿನ ಆಟವೊಂದಿತ್ತು. ಸುಧಿ ಮುಂದೆ ನುಗ್ಗುತ್ತಿದ್ದ, ಸಾಯುತ್ತಿದ್ದ, ಕೂಗಾಡುತ್ತಿದ್ದ. ಮುನಿರಾಜು ತಮ್ಮ ನೆಲೆಯನ್ನು ಕಾಯುತ್ತ ಕೆಳಗಿನ ಇಟ್ಟಿಗೆ ಗೋಡೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. “ನೀನು ಓಗ್ಲಾ ಮುಂದೆ, ನಾನಿಲ್ಲಿ ನೋಡ್ಕತೀನಿ” ಎನ್ನುತ್ತಿದ್ದ. ಓದಿನಲ್ಲೂ ಅವನದು ಅದೇ ನಿಧಾನ, ಅದೇ ನಿಗಾ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಗಣಿತದಲ್ಲಿ ಎಂಬತ್ತೆಂಟು ಬಂತು. ಸುಧಿಗೆ ಮೂವತ್ತೊಂದು.

ಈಗ ನಿಜ ಹೇಳಬೇಕಾದ ಜಾಗಕ್ಕೆ ಬಂದೆ. ಮಗ ಓದಲಿ ಎಂದು ಆ ಪೆಟ್ಟಿಗೆಯನ್ನು ಬಚ್ಚಿಟ್ಟೆ — ಇದು ನಿಜ. ಆದರೆ ಅದೇ ಆಟ ಆಡಿ, ನಮ್ಮದೇ ಲೈಟಿನ ಕೆಳಗೆ ಕೂತು, ನಾನೇ ಹೇಳಿಕೊಟ್ಟ ಪಾಠ ಕೇಳಿ, ಕೂಲಿಯವನ ಮಗ ಎಂಬತ್ತೆಂಟು ತೆಗೆದನಲ್ಲ — ಆ ಉರಿ ನನ್ನೊಳಗೆ ಇತ್ತು. ಅದೂ ನಿಜ. ಅದನ್ನು ಇವತ್ತಿನವರೆಗೆ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಅವರೆಕಾಯಿ ಕಾಲ. ಒಂದು ಬುಧವಾರ ಬೆಳಿಗ್ಗೆ ಸುಧಿ ಶಾಲೆಗೆ ಹೋದ ಮೇಲೆ ಆ ಪೆಟ್ಟಿಗೆ, ಎರಡು ರಿಮೋಟು, ಕ್ಯಾಸೆಟ್ಟುಗಳು — ಎಲ್ಲವನ್ನೂ ಸುತ್ತಿ ಚೀಲಕ್ಕೆ ಹಾಕಿಕೊಂಡು ನನ್ನ ಶಾಲೆಗೆ ಹೋದೆ. ಸ್ಟಾಫ್ ರೂಮಿನ ಬೀರುವಿನಲ್ಲಿ, ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಇಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿದ ಮೇಲೆ ಕೊಟ್ಟರಾಯಿತು ಅಂದುಕೊಂಡೆ. ಸಂಜೆ ಮಗನಿಗೆ ಹೇಳಬೇಕೆಂದೂ ಇತ್ತು: ನಾನೇ ತೆಗೆದಿಟ್ಟಿದ್ದೇನೆ, ಓದು. ಅಷ್ಟೇ ಮಾತು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು.

ಅಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ಮುನಿರಾಜು ಜಾಮೆಟ್ರಿ ನೋಟ್‌ಬುಕ್ ವಾಪಸ್ ಕೊಡಲು ಬಂದ. ಮಜ್ಜಿಗೆ ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು ಹೋದ.

ಸಂಜೆ ಸುಧಿ ಟಿವಿ ಸ್ಟ್ಯಾಂಡ್ ನೋಡಿ ಬೊಬ್ಬೆ ಹಾಕಿದ. ಅದೇ ಹೊತ್ತಿಗೆ ಯಜಮಾನರು ಶಿಫ್ಟ್ ಮುಗಿಸಿ ಬಂದರು. ಅವರಿಗೆ ಸಿಟ್ಟು ಬೇಗ. ಅಷ್ಟು ದೂರದಿಂದ ಆಸೆಪಟ್ಟು ತಂದಿದ್ದು, ನಾನು ತೆಗೆದಿಟ್ಟೆ ಅಂದರೆ ನನ್ನ ಮೇಲೆ ಹಾರಾಡುತ್ತಾರೆ ಎಂದು ಹೆದರಿ ಒಂದು ಗಳಿಗೆ ಸುಮ್ಮನಾದೆ. ಒಂದೇ ಗಳಿಗೆ. ಅಷ್ಟರಲ್ಲಿ ಅವರು ಕೇಳಿದರು: “ಮಧ್ಯಾಹ್ನ ಯಾರಾದ್ರೂ ಮನೆಗೆ ಬಂದಿದ್ರಾ?”

ನಾನು ಒಲೆಯ ಮುಂದಿದ್ದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತಿರುಗಿ ನೋಡದೆ ಹೇಳಿದೆ — “ಮುನಿರಾಜು ಬಂದಿದ್ದ.”

ಎರಡೇ ಪದ. ಎರಡೂ ಸುಳ್ಳಲ್ಲ. ಅದಕ್ಕೇ ಇಷ್ಟು ವರ್ಷ ನಾನು ಸುಳ್ಳು ಹೇಳಿಲ್ಲ ಎಂದು ಸಮಾಧಾನ ಮಾಡಿಕೊಂಡು ಬದುಕಿದ್ದು. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅಪ್ಪ ಮಗ ಇಬ್ಬರೂ ಆಗಲೇ ಆಂಡರ್ಸನ್‌ಪೇಟೆಗೆ ಹೋದರು. ಹಿಂತಿರುಗಿ ಬಂದ ಸುಧಿಯ ಮುಖ ಬಿಳಿಚಿಕೊಂಡಿತ್ತು. “ಅವರಪ್ಪ ಬೀದೀಲೇ ಹೊಡೆದ್ರಮ್ಮ” ಎಂದ. ಅಷ್ಟು ಕೇಳಿಯೂ ನಾನು ತಟ್ಟೆ ಹಾಕಿದೆ.

ಎರಡು ಮೂರು ದಿನ ಕಳೆದು ಯಲ್ಲಮ್ಮ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಒಂದು ಚೀಲ ಅವರೆಕಾಯಿ ಬಾಗಿಲ ಬಳಿ ಇಟ್ಟಳು.

“ಟೀಚರಮ್ಮ, ನಮ್ ಉಡ್ಗ ತಪ್ಪು ಮಾಡ್ಬುಟ್ಟ. ಬುದ್ದಿ ಇಲ್ದೋನು. ಪೋಲೀಸ್ನೋರ್ಗೆ ಮಾತ್ರ ಏಳ್ಬ್ಯಾಡಿ. ನಿಮ್ ಕಾಲಿಗ್ ಬೀಳ್ತೀನಿ.”

ಆಗಲೇ ನಾನು ಆ ಮಾತು ಹೇಳಿದ್ದು. ಹೋಗ್ಲಿ ಬಿಡಮ್ಮ, ಕ್ಷಮಿಸಿದ್ದೀನಿ. ಅವಳ ಕಣ್ಣಲ್ಲಿ ನೀರು ಬಂತು. ನನ್ನದು ದೊಡ್ಡ ಮನಸ್ಸು ಅಂದಳು. ಆ ಅವರೆಕಾಯಿಯನ್ನು ನಾನು ಬಿಡಿಸಿದೆ, ಸಾರು ಮಾಡಿದೆ, ಮೂವರೂ ತಿಂದೆವು. ರುಚಿಯಾಗಿತ್ತು ಎಂಬುದೂ ನೆನಪಿದೆ.

ಮುನಿರಾಜು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಶಾಲೆಗೂ ಹೋಗುತ್ತಿಲ್ಲವೆಂದು ಸುಧಿ ಹೇಳಿದ. ಪರೀಕ್ಷೆಗೆ ಕೂರಲಿಲ್ಲ. ಬಂಗಾರಪೇಟೆಯಲ್ಲಿ ಅವನ ಮಾವನ ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿಸಿದರಂತೆ. ಪರೀಕ್ಷೆ ಮುಗಿದ ಮೇಲೆ ಪೆಟ್ಟಿಗೆಯನ್ನು ಮನೆಗೆ ತರುವುದು ಹೇಗೆ? ತಂದರೆ ಎಲ್ಲಿತ್ತು ಎನ್ನಬೇಕು. ಬೀರುವಿನಲ್ಲೇ ಉಳಿಯಿತು. ಕೆಲವು ವರ್ಷದ ಮೇಲೆ ನನಗೆ ಬಂಗಾರಪೇಟೆಯ ಶಾಲೆಗೆ ವರ್ಗವಾದಾಗ ಬೀರು ಖಾಲಿ ಮಾಡಿ, ಹಳೆಯ ಉತ್ತರಪತ್ರಿಕೆಗಳ ಜೊತೆಗೆ ಅದನ್ನೂ ಗುಜರಿಯವನ ತಕ್ಕಡಿಗೆ ಹಾಕಿದೆ.

ವರ್ಗವಾದ ಮೇಲೆ ದಿನವೂ ಆ ಅಂಗಡಿಯ ಮುಂದೆಯೇ ಬಸ್ಸು ಹಾದುಹೋಗುತ್ತಿತ್ತು. ನಾನು ಅಂಗಡಿ ಕಾಣದ ಎದುರು ಸಾಲಿನ ಕಿಟಕಿಯ ಪಕ್ಕ ಕೂರುತ್ತಿದ್ದೆ. ಯಜಮಾನರು ತೀರಿಕೊಳ್ಳುವಾಗಲೂ ಅವರಿಗೆ ಹೇಳಲಿಲ್ಲ.

ಈಗ ಕಳೆದ ತಿಂಗಳು ನಡೆದದ್ದು. ಸುಧಿಯ ಎಸೆಸ್ಸೆಲ್ಸಿ ಬ್ಯಾಚಿನವರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲೂ ಇದೇ ಪುರಾಣ — ಯಾರು ಯಾವ ಆಟ ಆಡುತ್ತಿದ್ದರು, ಯಾವ ಕ್ಯಾಸೆಟ್ಟಿಗೆ ಯಾವ ಬಣ್ಣ, ಆ ಕಾಲವೇ ಚಿನ್ನದ ಕಾಲ. ಓದಿ ಹೇಳಿ ನನ್ನ ತಲೆ ತಿನ್ನುತ್ತಾನೆ. ಸುಧಿ ತನ್ನ ಹೊಸ ಹಳೇ ಪೆಟ್ಟಿಗೆಯ ಫೋಟೊ ಹಾಕಿ, ‘ಮುನಿರಾಜು ಕದ್ದದ್ದು ಇಂಥದ್ದೇ’ ಎಂದು ಬರೆದು ನಗುವ ಗುರುತುಗಳನ್ನು ಹಾಕಿದ. ಹತ್ತಾರು ಜನ ನಕ್ಕರು. ಅದಕ್ಕೆ ಎರಡು ದಿನ ಮೊದಲಷ್ಟೇ ಯಾರೋ ಮುನಿರಾಜುವಿನ ನಂಬರ್ ಹುಡುಕಿ ಗುಂಪಿಗೆ ಸೇರಿಸಿದ್ದರಂತೆ. ಸುಧಿ ಗಮನಿಸಿರಲಿಲ್ಲ.

“ಅಯ್ಯೋ, ಮುನಿರಾಜು ಗ್ರೂಪಲ್ಲಿ ಇದ್ನಾ. ಬಿಟ್ಟು ಹೋಗಿದಾನೆ ನೋಡಮ್ಮ” ಎಂದ, ತಿಂಡಿ ತಿನ್ನುತ್ತ.

ಅವತ್ತೇ ಹೇಳಿದೆ. ಅವನು ಡಬ್ಬಾ ಟಿವಿಯ ಮುಂದೆ ಕೂತಿದ್ದ. ಆಟ ನಿಲ್ಲಿಸು ಅಂದೆ. ನಿಲ್ಲಿಸಿದ. ಬೀರು, ಬೀಗ, ಗುಜರಿ — ಒಂದನ್ನೂ ಬಿಡದೆ ಹೇಳಿದೆ. ಅವನು ರಿಮೋಟ್ ಕೆಳಗಿಟ್ಟ. ಆಮೇಲೆ ಕೇಳಿದ ಮೊದಲ ಪ್ರಶ್ನೆ ಇದು:

“ಗುಜರಿಗೆ ಹಾಕಿದ್ಯಾ? ಕ್ಯಾಸೆಟ್ ಎಲ್ಲಾನೂ?”

ನನಗೆ ಅವನ ಕೆನ್ನೆಗೆ ಬಿಡಬೇಕೆನಿಸಿತು. “ಕ್ಯಾಸೆಟ್ ಬಿಡೋ. ಮುನಿರಾಜು ವಿಷಯ ಹೇಳ್ತಿದೀನಿ” ಎಂದೆ.

“ಅದೆಲ್ಲಾ ಯಾವ ಕಾಲದ್ದಮ್ಮ. ಅವನೂ ಮರ್ತಿರ್ತಾನೆ.”

“ಮರ್ತವನು ಗುಂಪು ಬಿಟ್ಟು ಯಾಕೋ ಹೋಗ್ತಾನೆ?”

ಬಾ, ಬಂಗಾರಪೇಟೆಗೆ ಹೋಗೋಣ ಎಂದೆ. ಮುಂದಿನ ವಾರ ನೋಡೋಣ ಎಂದ. ಇವನನ್ನು ಹೀಗೆ ಬೆಳೆಸಿದವಳು ಬೇರೆ ಯಾರೂ ಅಲ್ಲವಲ್ಲ — ಯಾರ ಮೇಲೆ ರೇಗಲಿ? ಮರುದಿನ ನಾನೊಬ್ಬಳೇ ಬಸ್ಸು ಹತ್ತಿದೆ.

ಅಂಗಡಿ ಈಗ ಅವನದೇ. ತಲೆ ನರೆತಿದೆ. ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತುಟಿಯಲ್ಲೇ ಸುತ್ತುಗಳನ್ನು ಎಣಿಸುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ.

“ಬನ್ನಿ ಟೀಚರ್. ಈ ಬಿಸ್ಲಾಗೆ ಯಾಕ್ ಬರಾಕೋದ್ರಿ. ಕೂತ್ಕಳಿ.” ಸ್ಟೂಲು ಒರೆಸಿ ಕೊಟ್ಟ. “ಮಿಕ್ಸಿ ಏನಾರ ಕೆಟ್ಟೋಯ್ತಾ?”

ಅವನು ಮತ್ತೆ ತಂತಿ ಹಿಡಿದ. ನಾನು ಹೇಳತೊಡಗಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. ನಾನೇ ಎತ್ತಿಟ್ಟಿದ್ದೆ ಮುನಿರಾಜು, ಶಾಲೆ ಬೀರುವಿನಲ್ಲಿತ್ತು ಎಂದೆ. ಅವನ ಕೈ ಇನ್ನೊಂದಷ್ಟು ಸುತ್ತು ತಿರುಗಿತು. ನಿಂತಿತು. ಎಣಿಕೆ ತಪ್ಪಿತ್ತು. ಕತ್ತರಿ ತೆಗೆದುಕೊಂಡು, ಸುತ್ತಿದ ತಂತಿಯನ್ನೆಲ್ಲ ಕತ್ತರಿಸಿ ಪಕ್ಕಕ್ಕೆ ಹಾಕಿದ.

“ಅಂಗಾ” ಎಂದ. ಆಮೇಲೆ, “ನಾನು ಒಪ್ಕಂಬುಟ್ಟಿದ್ದೆ, ಗೊತ್ತಾ ಟೀಚರ್?”

ನನಗೆ ಅರ್ಥವಾಗಲಿಲ್ಲ.

“ನಮ್ಮಪ್ಪನ ಒಡ್ತ ತಡೀನಾರ್ದೆ, ನಾನೇ ಎತ್ಕಂಡೆ ಅಂದ್ಬುಟ್ಟೆ. ಎಲ್ಲಿಟ್ಟಿದ್ದೀಯಾ ಅಂದ. ಏನ್ ಏಳ್ಲಿ? ಕೆರೇಗಾಕ್ದೆ ಅಂದೆ. ಆವಯ್ಯ ಎರಡು ದಿನ ಕೂಲಿ ಬುಟ್ಟು ಕೆರೇಲಿಳ್ದು ಉಡುಕ್ದ. ಸೊಂಟದ್ಗಂಟ ನೀರು, ಆ ಚಳೀಲಿ. ದಡದಾಗೆ ನಾನು ನಿಂತಿದ್ದೆ. ಇಲ್ಲಾಕಿದ್ಯಾ, ಅಲ್ಲಾಕಿದ್ಯಾ ಅಂತ ಕೇಳೋನು. ನಾನು ಕೈ ತೋರ್ಸೋನು.”

ಅವನು ಕತ್ತರಿಸಿದ ತಂತಿಯ ಚೂರುಗಳನ್ನು ಕೈಯಲ್ಲಿ ಒಟ್ಟುಮಾಡಿದ.

“ಸಿಗ್ದೇ ಓದಾಗ್ಲೇ ಅಮ್ಮನ್ನ ನಿಮ್ ಮನೇಗ್ ಕಳ್ಸಿದ್ದು. ಅಪ್ಪ ಓಗ್ಬುಟ್ಟು ಹನ್ನೆರಡು ವರ್ಸ ಆಯ್ತು ಟೀಚರ್. ನಾನ್ ತಗಂಡಿರ್ನಿಲ್ಲ ಅಂತ ಆಮೇಲ್ ಎಷ್ಟ್ ಸಲ ಏಳ್ದೆ. ನಂಬ್ನಿಲ್ಲ. ನೀನೇ ಒಪ್ಕಂಡಿದ್ದಲ್ಲ ಅನ್ನೋನು.”

ಕ್ಷಮಿಸು ಎಂಬ ಮಾತು ನನ್ನ ಬಾಯಿಗೆ ಬಂತು. ಅವನು ಕೈ ಅಡ್ಡ ಹಿಡಿದ. “ನಂಗಲ್ಲ. ಅಮ್ಮಂಗೆ ಏಳಿ. ಅಂಗ್ಡಿ ಇಂದೇನೇ ಮನೆ.”

ಅಂಗಡಿಯ ಹಿಂದಿನ ಮನೆಯಲ್ಲಿ ಯಲ್ಲಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಏಳಲು ಹೋದಳು, ನಾನೇ ಬೇಡವೆಂದೆ. ಬಾಗಿಲ ಬಳಿ ನಿಂತೇ ಎಲ್ಲ ಹೇಳಿದೆ. ಅವಳ ಕೈ ಸೊಪ್ಪಿನ ಮೇಲೇ ನಿಂತಿತು.

“ನಾನ್ ನಿಮ್ ಮನೇಗ್ ಬಂದಾಗ ಅದು ಎಲ್ಲಿತ್ತು?”

“ಶಾಲೆ ಬೀರುವಿನಲ್ಲಿ.”

“ಬೀಗದ ಕೈ?”

ಇದನ್ನು ಯಾರಾದರೂ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. “ನನ್ನ ಸೊಂಟದಲ್ಲಿತ್ತು” ಎಂದೆ. ಆಗ ಗೊಂಚಲನ್ನು ಸೊಂಟಕ್ಕೇ ಸಿಕ್ಕಿಸಿಕೊಳ್ಳುತ್ತಿದ್ದೆ.

“ಸೊಂಟದಾಗಿತ್ತು” ಎಂದಳು ಯಲ್ಲಮ್ಮ. “ನಾನ್ ಕೈ ಮುಗಿಯೋವಾಗ.”

ಆಮೇಲೆ ನನ್ನ ಕಡೆ ನೋಡಲಿಲ್ಲ. ಸೊಪ್ಪಿನ ಮೊರ ಎತ್ತಿಕೊಂಡು ಎದ್ದಳು, ಒಳಗೆ ಹೋಗುತ್ತ, ನನ್ನ ಹಿಂದೆ ಬಂದು ನಿಂತಿದ್ದ ಮಗನಿಗೆ ತೆಲುಗಿನಲ್ಲಿ ಹೇಳಿದಳು — “ಆಯಮ್ಮನಿ ಪಂಪಿಂಚೇಯ್‌ರಾ.” ಆಯಮ್ಮನ್ನ ಕಳಿಸಿಬಿಡೋ ಅಂತ. ಇಷ್ಟು ವರ್ಷ ಈ ಸೀಮೆಯಲ್ಲಿದ್ದು ಅಷ್ಟು ತೆಲುಗು ನನಗೆ ಬರುತ್ತದೆ.

ಮುನಿರಾಜು ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದ. ಬಸ್ಸು ಹತ್ತಿಸುವಾಗ ಒಂದೇ ಮಾತು ಹೇಳಿದ: “ಗ್ರೂಪ್ನಾಗೆ ಏಳಿ ಟೀಚರ್. ಸುಧಿ ಬಾಯಲ್ಲಿ ಬ್ಯಾಡ. ನೀವೇ ಏಳಿ.”

ಹೇಳಿದೆ. ಸುಧಿಯ ಫೋನಿನಲ್ಲಿ ನನ್ನದೇ ದನಿಯಲ್ಲಿ, ಎರಡು ನಿಮಿಷ. ಅವನು ಹೇಳಿಕೊಟ್ಟ — “‘ಮಕ್ಕಳು ಓದ್ಲಿ ಅಂತ ಮಾಡಿದ್ದು’ ಅಂತ ಒಂದು ಮಾತು ಸೇರ್ಸಮ್ಮ, ಚೆನ್ನಾಗಿರುತ್ತೆ.” ಸೇರಿಸಲಿಲ್ಲ. ಆದರೆ ಅವರೆಕಾಯಿಯ ವಿಷಯ, ಎಂಬತ್ತೆಂಟರ ವಿಷಯ, ಕೆರೆಯ ವಿಷಯ — ಅವನ್ನು ಬಿಟ್ಟೆ. ನಾಚಿಕೆಯಾಯಿತು.

ಬಂದ ಉತ್ತರಗಳನ್ನು ಸುಧಿ ಓದಿ ಹೇಳಿದ. ಕೈಮುಗಿಯುವ ಗುರುತುಗಳು, ಹೂವಿನ ಗುರುತುಗಳು. ‘ಎಂಥ ದೊಡ್ಡ ಮನಸ್ಸು ಟೀಚರ್.’ ‘ಈ ವಯಸ್ಸಲ್ಲಿ ಸತ್ಯ ಹೇಳೋಕೆ ಧೈರ್ಯ ಬೇಕು.’ ‘ನಮ್ಮ ಟೀಚರ್ ನಮ್ಮ ಹೆಮ್ಮೆ.’ ಮುನಿರಾಜುವಿನ ಬಗ್ಗೆ ಇಬ್ಬರು ‘ಪಾಪ’ ಎಂದರು. ಕಾಲು ಗಂಟೆಯೊಳಗೆ ಒಬ್ಬ, ಆ ಟ್ಯಾಂಕಿನ ಆಟದ ಕ್ಯಾಸೆಟ್ ತನ್ನ ಹತ್ತಿರ ಇನ್ನೂ ಇದೆ ಎಂದು ಫೋಟೊ ಹಾಕಿದ. ಎಲ್ಲರೂ ಅದರ ಹಿಂದೆ ಬಿದ್ದರು. ಸುಧಿ ಸಂಭ್ರಮದಿಂದ ಮುನಿರಾಜುವನ್ನು ಮತ್ತೆ ಗುಂಪಿಗೆ ಸೇರಿಸಿದ. ಮುನಿರಾಜು ಮತ್ತೆ ಬಿಟ್ಟು ಹೋದ.

ಅದಕ್ಕೇ ಇದನ್ನು ಬರೆಯುತ್ತಿರುವುದು. ಬಿಟ್ಟದ್ದನ್ನೆಲ್ಲ ಸೇರಿಸಿ. ನನ್ನನ್ನು ದೊಡ್ಡ ಮನಸ್ಸಿನವಳು ಎಂದವರೇ, ದಯವಿಟ್ಟು ಹಾಗನ್ನಬೇಡಿ. ಆ ಮಾತು ಒಮ್ಮೆ ಯಲ್ಲಮ್ಮನ ಬಾಯಿಂದ ಬಂದಿತ್ತು, ನಾನು ಅದನ್ನು ತೆಗೆದುಕೊಂಡು ಒಳಗೆ ಹೋಗಿದ್ದೆ. ಮುನಿರಾಜು ಏನನ್ನೂ ಕದ್ದಿಲ್ಲ. ಮೊಮ್ಮಗಳನ್ನು ಕೂರಿಸಿಕೊಂಡು ಹೇಳಿದ್ದೇನೆ; ಅವಳು, “ಹಾಗಾದ್ರೆ ಕಳ್ಳಿ ನೀನೇನಾ ಅಜ್ಜಿ?” ಎಂದು ಕೇಳಿದಳು. ಹೌದು ಅಂದೆ.

ಗುರುವಾರ ಮತ್ತೆ ಬಂಗಾರಪೇಟೆಗೆ ಹೋಗುತ್ತೇನೆ. ಯಲ್ಲಮ್ಮನಿಗೆ ಬೈಯುವುದಿದ್ದರೆ ಬೈಯಲಿ. ಕೆರೆಯಲ್ಲಿ ಹುಡುಕಿದ ಆ ಎರಡು ದಿನದ ಬಗ್ಗೆ ಹೇಳುವುದಿದ್ದರೆ ಹೇಳಲಿ. ಈ ಸಲ ನನಗೆ ಹೇಳುವುದೇನೂ ಇಲ್ಲ. ಬಾಗಿಲು ತೆಗೆಯದಿದ್ದರೆ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದು, ಸಂಜೆಯ ಬಸ್ಸಿಗೆ ವಾಪಸ್ ಬರುತ್ತೇನೆ.